ಬೆಣ್ಣೆ ಬಾರದ ಹಾಲು

ಹಾಸನದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಅಜ್ಜಿ ಮೊಸರು ಕಡೆಯುವಾಗ ಒಮ್ಮೊಮ್ಮೆ ಹಗ್ಗ ನನ್ನ ಕೈಗೂ ಸಿಗುತ್ತಿತ್ತು. ಹುರುಪಿನಲ್ಲಿ ಜೋರಾಗಿ ಎಳೆದರೆ, "ಮೆತ್ತಗೆ ಕಣೋ, ಬೆಣ್ಣೆ ಕೂಡಿಕೊಳ್ಳಲಿ" ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಗಡಿಗೆಗೆ ತಣ್ಣೀರು ಹೊಯ್ಯುತ್ತಿದ್ದಳು, ಚಳಿಗಾಲದಲ್ಲಿ ಬೆಚ್ಚನೆಯ ನೀರು.

ಮುಂದೆ ಪೀಣ್ಯದ ಮುಲಾಮಿನ ಕಾರ್ಖಾನೆಯೊಂದರಲ್ಲಿ 26 ವರ್ಷ ನಾನು ನಡೆಸಿದ ಹೈ ಶಿಯರ್ ಮಿಕ್ಸರ್ ಇದಕ್ಕೆ ತದ್ವಿರುದ್ಧ. ಎಣ್ಣೆ ಕೂಡಿಕೊಳ್ಳದಂತೆ ಮಾಡುವುದೇ ಅದರ ಕೆಲಸ.

ಈ ವಿದ್ಯೆಯ ಹಳೆಯ ದಾರಿಯೊಂದು ಹಾಲಿನಲ್ಲೇ ಇದೆ. ಫ್ರಾನ್ಸಿನ ಓಗ್ಯುಸ್ತ್ ಗೋಲಾಂ 1899ರಲ್ಲಿ ಹೋಮೋಜಿನೈಸರಿಗೆ ಪೇಟೆಂಟ್ ಪಡೆದ; ಮರುವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟ. ಭಾರೀ ಒತ್ತಡದಲ್ಲಿ ಹಾಲನ್ನು ಸಣ್ಣ ಸಂದಿಯಲ್ಲಿ ನುಗ್ಗಿಸಿ ಕೊಬ್ಬಿನ ಹನಿಗಳನ್ನು ಒಡೆಯುವ ಯಂತ್ರ ಅದು. ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹನಿಯ ಅಡ್ಡಳತೆ ಅರ್ಧವಾದರೆ ಅದು ಮೇಲೇಳುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹನಿ ಒಂದೆರಡು ಮೈಕ್ರಾನಿಗಿಂತ ಸಣ್ಣದಾದರೆ ಕೆನೆ ಬೇಗ ಮೇಲೆ ಕಟ್ಟುವುದಿಲ್ಲ.

ನಮ್ಮ ಯಂತ್ರದಲ್ಲಿ ಸಂದಿಯ ಜೊತೆಗೆ ತಿರುಗಣಿಯೂ ಇತ್ತು. ಸುತ್ತ ತೂತುಗಳಿರುವ ಅಲುಗಾಡದ ಉಕ್ಕಿನ ಬಳೆ ಸ್ಟೇಟರ್. ಅದರೊಳಗೆ ಕೂದಲೆಳೆಯಷ್ಟೇ ಅಂತರದಲ್ಲಿ ರೋಟರ್ ಸುತ್ತುತ್ತದೆ. ಕೆಳಗಿನಿಂದ ದ್ರವವನ್ನು ಹೀರಿ, ಅಂಚಿಗೆ ಎಸೆದು, ತೂತುಗಳಿಂದ ಹೊರಗೆ ಚಿಮ್ಮಿಸುತ್ತದೆ. ಚಿಮ್ಮಿದ್ದು ಸುತ್ತಿ ಬಂದು ಮತ್ತೆ ಅದರ ಬಾಯಿಗೇ ಬೀಳುತ್ತದೆ. ಅದರ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಒಂದು ರಾತ್ರಿ ಪಾಳಿಯಲ್ಲಿ ನೀರು 70 ಡಿಗ್ರಿಗೆ ಬರುವ ಮೊದಲೇ ಕರಗಿದ ಮೇಣ, ಎಣ್ಣೆಯನ್ನು ಅದಕ್ಕೆ ಬಿಟ್ಟುಬಿಟ್ಟೆ. ಮೇಣ ಅಲ್ಲಲ್ಲೇ ಗಟ್ಟಿಯಾಗಿ ಕಾಳು ಕಟ್ಟಿತು. ವೇಗ ಹೆಚ್ಚಿಸಿದೆ, ಗಾಳಿ ಸೇರಿ ನೊರೆ ಎದ್ದಿತೇ ಹೊರತು ಕಾಳು ಕರಗಲಿಲ್ಲ. ಇಡೀ ಬ್ಯಾಚ್ ಚೆಲ್ಲಬೇಕಾಯಿತು. ಅಜ್ಜಿಯ ಆ ಬೆಚ್ಚನೆಯ ನೀರು ನೆನಪಾದದ್ದು ಅವತ್ತು. ಥರ್ಮಾಮೀಟರ್ ಇಲ್ಲದೆ, ಬರೀ ಕೈಬೆರಳಲ್ಲಿ ಅವಳು ಹದ ಹಿಡಿಯುತ್ತಿದ್ದಳು. ಆಮೇಲೆ ಕೆಲಸಕ್ಕೆ ಸೇರಿದ ಹುಡುಗರಿಗೆ ವೇಗಕ್ಕಿಂತ ಮೊದಲು ನಾನು ಕಲಿಸಿದ್ದು ಬಿಸಿಯ ಹದವನ್ನೇ.

ಪ್ಯಾಕೆಟ್ ಹಾಲಿಗೆ ಹೆಪ್ಪು ಹಾಕಿ ಎಷ್ಟು ಕಡೆದರೂ ಬೆಣ್ಣೆ ಬರಲಿಲ್ಲವೆಂದು ಸೊಸೆ ಮೊನ್ನೆ ಬೇಸರಪಟ್ಟಳು. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಪ್ಯಾಕೆಟ್ಟಿನ ಮೇಲೆ 'ಹೋಮೋಜಿನೈಸ್ಡ್' ಎಂದಿದೆಯೇ ನೋಡಿ. ಇದ್ದರೆ ತಪ್ಪು ಕೈಯದಲ್ಲ; ಕೊಬ್ಬನ್ನು ಡೇರಿಯಲ್ಲೇ ಒಡೆದಿರುತ್ತಾರೆ. ಬೆಣ್ಣೆ ಬೇಕಿದ್ದರೆ ಆ ಪದ ಇಲ್ಲದ ಹಾಲನ್ನೇ ತನ್ನಿ.