ಏರ್ ಕ್ಲೀನರು ಬದಲಿಸುವ ಪದ್ಧತಿಯ ಪೂರ್ವೋತ್ತರ

ಮೋಟಾರು ಸೈಕಲ್ಲಿನ ಸವಾರನಿಗೆ ಪೆಟ್ರೋಲಿನ ಲೆಕ್ಕ ಬಾಯಿಪಾಠವಾಗಿರುತ್ತದೆ. ಗಾಳಿಯ ಲೆಕ್ಕವನ್ನಿಟ್ಟವರು ವಿರಳ. ಒಂದು ಲೀಟರು ಪೆಟ್ರೋಲು ಯಥಾವತ್ತಾಗಿ ದಹನವಾಗಬೇಕಾದರೆ ಅದಕ್ಕೆ ತನ್ನ ತೂಕದ ಹದಿನಾಲ್ಕು ಹದಿನೈದರಷ್ಟು ಗಾಳಿ, ಅಂದರೆ ಹೆಚ್ಚುಕಡಮೆ 9000 ಲೀಟರು ಗಾಳಿ, ಬೇಕು. ಇಷ್ಟೂ ಗಾಳಿ, ತಾನು ಹೊತ್ತುತಂದ ಧೂಳಿನೊಡನೆ, ಕಾರ್ಬುರೇಟರಿನ ಬಾಯಿಗೆ ಹೊಂದಿಸಿದ ಒಂದು ಕಿರಿದಾದ ದ್ವಾರದ ಮೂಲಕವೇ ಎಂಜಿನ್ನಿನೊಳಕ್ಕೆ ಹೋಗತಕ್ಕದ್ದು. ಆ ದ್ವಾರದಲ್ಲಿ ಕಾರ್ಖಾನೆಯವರು ಕೂರಿಸಿ ಕಳುಹಿಸಿದ ಏರ್ ಕ್ಲೀನರನ್ನು ಕಳಚಿ, ಅದಕ್ಕಿಂತ ಧಾರಾಳವಾಗಿ ಗಾಳಿ ಬಿಡುವುದೆಂದು ಹೆಸರಾದ ಬೇರೊಂದನ್ನು ಹಣ ತೆತ್ತು ಹಾಕಿಸುವುದರಿಂದ ಲಾಭವುಂಟೇ ಎಂಬ ಪ್ರಶ್ನೆ ಸವಾರರಲ್ಲಿ ಬಹುಕಾಲದಿಂದ ಚರ್ಚೆಯಾಗುತ್ತ ಬಂದಿದೆ. ಉಂಟೆಂದು ಸಾಧಿಸುವವರೂ ಇಲ್ಲವೆಂದು ತಳ್ಳಿಹಾಕುವವರೂ ಸಾಮಾನ್ಯವಾಗಿ ತಮ್ಮ ತಮ್ಮ ವಾಹನವನ್ನೇ ಪ್ರಮಾಣವಾಗಿಟ್ಟುಕೊಂಡು ಮಾತನಾಡುತ್ತಾರೆ. ಆದರೆ ಆ ಪೆಟ್ಟಿಗೆ ಅಲ್ಲಿಗೆ ಏಕೆ ಬಂತು, ಮೊದಲು ಅದನ್ನು ಕಿತ್ತವರು ಯಾರು, ಏತಕ್ಕಾಗಿ ಕಿತ್ತರು ಎಂಬುದನ್ನು ಅರಿಯದೆ ಈ ವಾದಕ್ಕೆ ನ್ಯಾಯವಾದ ತೀರ್ಮಾನ ದೊರೆಯಲಾರದೆಂಬುದು ನನ್ನ ನಂಬಿಕೆ.

ಆದಿಯಲ್ಲಿ ಏರ್ ಕ್ಲೀನರು ಎಂಬುದು ಅನೇಕ ಮೋಟಾರು ಸೈಕಲ್ಲುಗಳಲ್ಲಿ ಇರಲೇ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವಾಹನಗಳಲ್ಲಿ ಕಾರ್ಬುರೇಟರಿನ ಬಾಯಿ ಬಯಲಿಗೆ ತೆರೆದಿರುತ್ತಿತ್ತು. ಹೆಚ್ಚೆಂದರೆ ಕಲ್ಲು ಕಡ್ಡಿಗಳನ್ನು ತಡೆಯುವಂಥ ತಂತಿಯ ಜಾಲರಿಯೊಂದು ಅದಕ್ಕೆ ಅಡ್ಡವಾಗಿರುತ್ತಿತ್ತು. ಡಾಂಬರು ಕಾಣದ ರಸ್ತೆಗಳ ಆ ಕಾಲದಲ್ಲಿ ಸಿಲಿಂಡರು ಸವೆಯುವುದೂ, ಬೋರ್ ಮಾಡಿಸಿ ದೊಡ್ಡ ಪಿಸ್ಟನ್ನು ಹಾಕಿಸುವುದೂ ವಾಹನವನ್ನಿಟ್ಟುಕೊಂಡವನ ನಿತ್ಯದ ಖರ್ಚುಗಳಲ್ಲೊಂದೆನಿಸಿತ್ತು. ಧೂಳು ಮೃದುವಾದ ವಸ್ತುವೆಂದು ಕೈ ಹೇಳುತ್ತದೆ. ಆದರೆ ಅದರಲ್ಲಿ ಬೆರೆತಿರುವ ಬೆಣಚುಕಲ್ಲಿನ ಕಣಗಳು ಎರಕದ ಕಬ್ಬಿಣಕ್ಕಿಂತ ಕಠಿನವಾದವು. ಅವುಗಳಲ್ಲಿ ಕಣ್ಣಿಗೆ ಬೀಳುವಷ್ಟು ದಪ್ಪವಾದವು ಮಾಡುವ ಹಾನಿಗಿಂತ, ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಣ ಎಣ್ಣೆಯ ಪೊರೆಯ ದಪ್ಪಕ್ಕೆ ಸಮನಾಗಿ, ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುವ ಸೂಕ್ಷ್ಮಕಣಗಳು ಮಾಡುವ ಹಾನಿಯೇ ಅಧಿಕ. ಅವು ಅಲ್ಲಿ ಸಿಕ್ಕಿಕೊಂಡು ಹೋಗಿಬರುತ್ತ ಎರಡು ಕಡೆಯ ಲೋಹವನ್ನೂ ಉಜ್ಜುತ್ತವೆ. ಎಂಜಿನ್ನು ಕೆಡುತ್ತಿರುವುದು ಸವಾರನಿಗೆ ತಿಳಿಯುವುದು ಬಹು ತಡವಾಗಿ, ಪಿಕಪ್ಪು ಕುಂದಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡಾಗ.

ಈ ಸತ್ಯವನ್ನು ಎಲ್ಲರಿಗೂ ಮನಗಾಣಿಸಿದ್ದು ಎರಡನೆಯ ಮಹಾಯುದ್ಧ, ಅದರಲ್ಲಿಯೂ ಉತ್ತರ ಆಫ್ರಿಕದ ಮರಳುಗಾಡಿನ ಹೋರಾಟ. ಬ್ರಿಟಿಷ್ ಸೈನ್ಯಕ್ಕಾಗಿ ತಯಾರಾದ ಬಿ.ಎಸ್.ಎ. ಎಂ 20 ಮತ್ತು ನಾರ್ಟನ್ 16 ಎಚ್ ವಾಹನಗಳಿಗೆ ವೋಕ್ಸ್ ಕಂಪನಿಯ ದೊಡ್ಡ ಫಿಲ್ಟರು ಪೆಟ್ಟಿಗೆಗಳನ್ನು ಪೆಟ್ರೋಲು ಟ್ಯಾಂಕಿನ ಮೇಲೆಯೇ ಹೂಡಿ, ಅಲ್ಲಿಂದ ಕಾರ್ಬುರೇಟರಿಗೆ ಕೊಳವೆ ಇಳಿಬಿಟ್ಟರು. ಎದುರು ಪಕ್ಷದ ಜರ್ಮನರು ತಮ್ಮ ಬಿ.ಎಂ.ಡಬ್ಲ್ಯು. ಆರ್ 75 ವಾಹನದಲ್ಲಿ ಮೊದಲು ಕೆಳಗಿದ್ದ ಫಿಲ್ಟರನ್ನು ತರುವಾಯ ಟ್ಯಾಂಕಿನ ಮೇಲಕ್ಕೆ ಏರಿಸಿ, ಸೈನಿಕರ ಶಿರಸ್ತ್ರಾಣದ ಆಕಾರದ ಮುಚ್ಚಳವನ್ನು ಅದಕ್ಕೆ ಕವುಚಿದರು. ಪರಸ್ಪರ ಶತ್ರುಗಳಾದ ಎರಡು ದೇಶಗಳ ಎಂಜಿನಿಯರುಗಳು, ಚಕ್ರಗಳು ಎಬ್ಬಿಸುವ ಮರಳಿನಿಂದ ಸಾಧ್ಯವಾದಷ್ಟು ಎತ್ತರದಲ್ಲಿ ಗಾಳಿಯನ್ನು ಸೆಳೆಯಬೇಕೆಂಬ ಒಂದೇ ನಿರ್ಣಯಕ್ಕೆ ಬಂದದ್ದು ನನಗೆ ಬಹು ಅರ್ಥವತ್ತಾಗಿ ತೋರುತ್ತದೆ. ಅಮೆರಿಕದ ಸೈನ್ಯಕ್ಕೆ ಹಾರ್ಲೆ-ಡೇವಿಡ್ಸನ್ ಕಂಪನಿ ಒದಗಿಸಿದ ಡಬ್ಲ್ಯು.ಎಲ್.ಎ. ವಾಹನದಲ್ಲಿ ಎಣ್ಣೆ ತುಂಬಿದ ಏರ್ ಕ್ಲೀನರು ಇತ್ತು. ಒಳಹೊಕ್ಕ ಗಾಳಿ ಪಾತ್ರೆಯ ತಳದಲ್ಲಿರುವ ಎಣ್ಣೆಯ ಮೇಲೆ ಹಾಯ್ದು ತಟ್ಟನೆ ಮೇಲಕ್ಕೆ ತಿರುಗಬೇಕು. ಗಾಳಿ ಹಗುರಾದುದರಿಂದ ತಿರುಗುತ್ತದೆ, ಧೂಳು ಭಾರವಾದುದರಿಂದ ತಿರುಗಲಾರದೆ ಎಣ್ಣೆಯಲ್ಲಿ ಬೀಳುತ್ತದೆ. ತಪ್ಪಿಸಿಕೊಂಡು ಮೇಲೇರಿದ ಅಷ್ಟಿಷ್ಟು ಧೂಳು ಎಣ್ಣೆಯಿಂದ ತೊಯ್ದ ಲೋಹದ ನಾರಿಗೆ ಅಂಟಿಕೊಳ್ಳುತ್ತದೆ. ದಿನದ ಕೊನೆಯಲ್ಲಿ ಬಟ್ಟಲನ್ನು ಬಿಚ್ಚಿದ ಸೈನಿಕನಿಗೆ ಅದರ ತಳದಲ್ಲಿ ಕಾಣುತ್ತಿದ್ದ ಕೆಸರು, ಆ ಬಟ್ಟಲಿಲ್ಲದಿದ್ದರೆ ಎಂಜಿನ್ನಿನೊಳಗೆ ಹೋಗಬೇಕಾಗಿದ್ದ ಕೆಸರು.

ಹೀಗೆ ಯುದ್ಧಕಾಲದಲ್ಲಿ ಗೌರವದ ಸ್ಥಾನ ಪಡೆದ ವಸ್ತುವನ್ನು ಶಾಂತಿಕಾಲದ ತರುಣರು ಕಳಚಿ ಎಸೆದರು. ಕ್ಯಾಲಿಫೋರ್ನಿಯದ ಒಣಸರೋವರಗಳ ಮಟ್ಟಸವಾದ ನೆಲದ ಮೇಲೆ ವೇಗದ ದಾಖಲೆಗಾಗಿ ಓಡಿಸುತ್ತಿದ್ದವರೂ, ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆಯಲ್ಲಿ ರಾತ್ರಿ ನೆರೆದು ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೊರಡುತ್ತಿದ್ದವರೂ, ತಮ್ಮ ಕಾರ್ಬುರೇಟರುಗಳ ಬಾಯಿಗೆ ಫಿಲ್ಟರಿನ ಬದಲು ತುತ್ತೂರಿಯ ಬಾಯಿಯಂತೆ ಅರಳಿದ ಹೊಳೆಯುವ ಲೋಹದ ಕೊಳವೆಗಳನ್ನು ಸಿಕ್ಕಿಸಿಕೊಂಡರು. ಪಂದ್ಯದ ವಾಹನಕ್ಕೆ ಇದು ಒಪ್ಪತಕ್ಕದ್ದೇ: ಅದರ ಥ್ರಾಟಲ್ಲು ಬಹುಮಟ್ಟಿಗೆ ಪೂರ್ತಿ ತೆರೆದೇ ಇರುತ್ತದೆ, ಪಂದ್ಯ ಮುಗಿದ ಮೇಲೆ ಎಂಜಿನ್ನನ್ನು ಬಿಚ್ಚಿ ಹೊಸ ರಿಂಗು ಹಾಕುವವರು ಕಾದಿರುತ್ತಾರೆ. ಕೆಲಸಕ್ಕೆ ಹೋಗಿಬರುವ ವಾಹನಕ್ಕೆ ಅದೇ ಅಲಂಕಾರವನ್ನು ತೊಡಿಸಿದ್ದು ಮಾತ್ರ ಅನುಕರಣದ ಬಲದಿಂದ. ಸವಾರರಲ್ಲಿ ಇಂದಿಗೂ ಉಳಿದಿರುವ ಹಂಬಲದ ಮೂಲ ಅಲ್ಲಿದೆ.

ಈ ಹಂಬಲಕ್ಕೂ ಧೂಳಿನ ಭಯಕ್ಕೂ ಸಂಧಾನ ಮಾಡಹೊರಟ ಇಬ್ಬರು ಕ್ಯಾಲಿಫೋರ್ನಿಯದ ರಿವರ್‌ಸೈಡ್ ಊರಿನ ಕೆನ್ ಜಾನ್ಸನ್ ಮತ್ತು ನಾರ್ಮ್ ಮೆಕ್‌ಡೊನಾಲ್ಡ್. 1969ರ ಸುಮಾರಿಗೆ, ಮರುಭೂಮಿಯ ಪಂದ್ಯಗಳ ಅನುಭವದಿಂದ, ತಂತಿಯ ಬಲೆಗಳ ನಡುವೆ ಹತ್ತಿಬಟ್ಟೆಯ ಪದರಗಳನ್ನು ಮಡಿಕೆ ಮಡಿಕೆಯಾಗಿ ಇಟ್ಟು ಎಣ್ಣೆ ಉಣ್ಣಿಸಿದ ಫಿಲ್ಟರೊಂದನ್ನು ಅವರು ಸಿದ್ಧಗೊಳಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಬಂದ ಕೆ ಅಂಡ್ ಎನ್ ಎಂಬುದು ಇಂದು ನಮ್ಮ ಬಿಡಿಭಾಗದ ಅಂಗಡಿಗಳಲ್ಲಿಯೂ ಬಳಕೆಯ ಮಾತು. ತೊಳೆದು ಮತ್ತೆ ಹಾಕಬಹುದೆಂಬುದು ಅದರ ನಿಜವಾದ ಗುಣ. ಮಡಿಕೆಯ ಕಾಗದದ ಫಿಲ್ಟರಿಗೆ ಆ ಗುಣವಿಲ್ಲ. ಆದರೆ ಕೊಂಚ ಧೂಳು ಹಿಡಿದಷ್ಟೂ ಇನ್ನಷ್ಟು ಸೂಕ್ಷ್ಮವಾಗಿ ಸೋಸುವುದು ಕಾಗದದ ಹಿರಿಮೆ.

ಅಮೆರಿಕದಲ್ಲಿ ಈ ಪದ್ಧತಿ ಆಚಾರವೆನ್ನುವಷ್ಟು ಗಟ್ಟಿಯಾದದ್ದು ಹಾರ್ಲೆ-ಡೇವಿಡ್ಸನ್ ಸವಾರರಲ್ಲಿ. ಆ ವಾಹನದ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕವಲೊಡೆದು ನಿಂತಿವೆ. ಕವಲಿನ ಸಂದಿನಲ್ಲಿ ಕಾರ್ಬುರೇಟರು, ಅದರಿಂದ ಬಲಕ್ಕೆ ಚಾಚಿಕೊಂಡು ಸವಾರನ ಮೊಣಕಾಲಿಗೆ ತಗಲುವಂತೆ ಏರ್ ಕ್ಲೀನರು. ಅದು ಅಲ್ಲಿ ಅಡಗಿ ಕೂರುವ ಭಾಗವಲ್ಲ, ವಾಹನದ ಮುಖದಂತೆ ಎದ್ದು ಕಾಣುವ ಭಾಗ. 1958ರಲ್ಲಿ ಇಲಿನಾಯ್ ರಾಜ್ಯದಲ್ಲಿ ಜಾರ್ಜ್ ಸ್ಮಿತ್ ಮತ್ತು ಸ್ಟ್ಯಾನ್ಲಿ ಸ್ಟ್ಯಾಂಕೋಸ್ ಎಂಬವರು ಆರಂಭಿಸಿದ ಎಸ್ ಅಂಡ್ ಎಸ್ ಕಂಪನಿ ಮುಂದೆ ತಯಾರಿಸಿದ, ಕಂಬನಿಯ ಆಕಾರದ ಮುಚ್ಚಳವುಳ್ಳ ಏರ್ ಕ್ಲೀನರು ಅಲ್ಲಿನ ರಸ್ತೆಗಳಲ್ಲಿ ಗುರುತಿನ ಮುದ್ರೆಯೇ ಆಯಿತು.

ಆದರೆ ರೂಪಕ್ಕಿಂತ ಪ್ರಬಲವಾದ ಕಾರಣವೊಂದು ಶಾಸನದ ಕಡೆಯಿಂದ ಬಂತು. ಅಮೆರಿಕದ ಶಬ್ದನಿಯಂತ್ರಣ ಕಾಯಿದೆ ಹುಟ್ಟಿದ್ದು 1972ರಲ್ಲಿ. ಅದನ್ನನುಸರಿಸಿ ಹೊರಟ ನಿಯಮಗಳು ರಸ್ತೆಯ ಮೋಟಾರು ಸೈಕಲ್ಲಿನ ಶಬ್ದವನ್ನು 1983ನೆಯ ವರ್ಷದ ಮಾದರಿಗಳಿಂದ 83 ಡೆಸಿಬೆಲ್ಲಿಗೂ, 1986ರಿಂದ 80 ಡೆಸಿಬೆಲ್ಲಿಗೂ ಸೀಮಿತಗೊಳಿಸಿದವು. ಶಬ್ದವೆಂದರೆ ಸೈಲೆನ್ಸರಿನದೊಂದೇ ಎಂದು ಭಾವಿಸುವುದು ಸಹಜ. ಆದರೆ ಥ್ರಾಟಲ್ಲು ಪೂರ್ತಿ ತೆರೆದ ದೊಡ್ಡ ಎಂಜಿನ್ನು ಗಾಳಿಯನ್ನು ಒಳಸೆಳೆಯುವ ಗರ್ಜನೆಯೂ ಮಾಪಕದಲ್ಲಿ ದಾಖಲಾಗುತ್ತದೆ. 1340 ಸಿ.ಸಿ.ಯ ಎಂಜಿನ್ನು ನಿಮಿಷಕ್ಕೆ 5000 ಸುತ್ತು ಸುತ್ತುವಾಗ ಆ ಒಂದು ನಿಮಿಷದಲ್ಲಿ ಮೂರು ಸಾವಿರ ಲೀಟರಿಗೂ ಮಿಕ್ಕ ಗಾಳಿಯನ್ನು ಕೇಳಬಲ್ಲುದು. ಅಷ್ಟು ಗಾಳಿ ಸದ್ದಿಲ್ಲದೆ ಹೋಗಬೇಕಾದಾಗ ಅದರ ದಾರಿ ಇಕ್ಕಟ್ಟಾಗಲೇಬೇಕಾಯಿತು. ಜೊತೆಗೆ ಹೊಗೆಯ ನಿಯಮಕ್ಕಾಗಿ, ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟುಗಳನ್ನು ಕಿರಿದುಗೊಳಿಸಿ ಪೆಟ್ರೋಲಿನ ಪಾಲನ್ನು ತಗ್ಗಿಸಿದ್ದರು. ಹೀಗೆ ಎರಡು ಕಾನೂನುಗಳ ನಡುವೆ ಬಿಗಿದುಕೊಂಡಿದ್ದ ಎಂಜಿನ್ನಿಗೆ ಅಗಲವಾದ ಏರ್ ಕ್ಲೀನರು, ಸಡಿಲವಾದ ಸೈಲೆನ್ಸರು, ದೊಡ್ಡ ಜೆಟ್ಟು, ಈ ಮೂರನ್ನೂ ಒಟ್ಟಿಗೆ ಕೊಟ್ಟಾಗ ಅದು ನಿಜವಾಗಿಯೂ ಚೇತರಿಸಿಕೊಂಡಿತು. ‘ಸ್ಟೇಜ್ ಒನ್’ ಎಂದು ಹೆಸರಾದದ್ದು ಈ ತ್ರಿವಿಧ ಸಂಸ್ಕಾರವೇ. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಜೆಟ್ಟಿನ ಸ್ಥಾನವನ್ನು ಗಣಕದ ಹೊಸ ಲೆಕ್ಕ ಆಕ್ರಮಿಸಿತು, ಅಷ್ಟೆ. ಮೂರರಲ್ಲಿ ಒಂದನ್ನು ಮಾತ್ರ ಮಾಡಿದವನು ಲಾಭದ ಅಲ್ಪಾಂಶವನ್ನು ಪಡೆದು, ಪೆಟ್ರೋಲು ಸಾಲದೆ ಕಾಯುವ ಎಂಜಿನ್ನನ್ನು ಮನೆಗೆ ತಂದಂತಾಯಿತು. ಮೂರನ್ನೂ ಮಾಡಿದವನ ವಾಹನದ ಶಬ್ದವನ್ನು ಸಹಿಸಬೇಕಾದವರು ನೆರೆಹೊರೆಯವರು; ಆ ಕಾನೂನು ಹುಟ್ಟಿದ್ದು ಅವರಿಗಾಗಿ ಎಂಬುದನ್ನು ನಾನು ಲಘುವಾಗಿ ಕಾಣಲಾರೆ.

ನಮ್ಮ ನಾಡಿಗೆ ಬಂದರೆ ಕಥೆಯ ಸ್ವರೂಪವೇ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜಯಚಾಮರಾಜ ಒಡೆಯರ ಹಸ್ತದಿಂದ ಉದ್ಘಾಟನೆಗೊಂಡು, 1961ರಿಂದ ಚೆಕೊಸ್ಲೊವಾಕಿಯದ ಜಾವಾ ವಾಹನಗಳನ್ನೂ, 1973ರಿಂದ ಯೆಜ್ಡಿ ಎಂಬ ಹೆಸರಿನವನ್ನೂ ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಆ 250 ಸಿ.ಸಿ.ಯ ವಾಹನ ಟೂ ಸ್ಟ್ರೋಕಿನದು. ಟೂ ಸ್ಟ್ರೋಕಿನಲ್ಲಿ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್ ಕೇಸಿನಲ್ಲಿಳಿದು, ಬೇರಿಂಗುಗಳನ್ನೂ ಕನೆಕ್ಟಿಂಗ್ ರಾಡಿನ ಬುಡವನ್ನೂ ಸುತ್ತಿ, ಅನಂತರ ಮೇಲೇರುತ್ತದೆ. ಆದುದರಿಂದ ಸೋಸದ ಗಾಳಿ ರಿಂಗನ್ನು ಸವೆಯಿಸುವುದಕ್ಕೆ ಮುಂಚೆ ಬೇರಿಂಗನ್ನು ಸವೆಯಿಸುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಹತ್ತಿರದ್ದು. ಪೆಟ್ರೋಲಿಗೆ ಆಯಿಲ್ ಬೆರಸಿ ಓಡಿಸುವ ವಾಹನದಲ್ಲಿ ಗಾಳಿ ಹೆಚ್ಚಿ ಪೆಟ್ರೋಲಿನ ಪಾಲು ಇಳಿದರೆ, ಅದರೊಡನೆ ಬರುವ ಎಣ್ಣೆಯೂ ಇಳಿಯಿತೆಂದೇ ಅರ್ಥ. ತಾಪ ಏರುವ ಕ್ಷಣದಲ್ಲಿಯೇ ಸ್ನೇಹದ್ರವ್ಯ ಕಡಮೆಯಾಗಿ ಪಿಸ್ಟನ್ನು ಸೀಜ್ ಆಗುತ್ತದೆ. ಪ್ಲಗ್ಗನ್ನು ಬಿಚ್ಚಿ ನೋಡಿ, ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಸಮಾಧಾನಪಟ್ಟು ಬೆಳ್ಳಗಿದ್ದರೆ ಎಚ್ಚರಗೊಳ್ಳುವ ಹಳೆಯ ಮೆಕ್ಯಾನಿಕ್ಕುಗಳು, ಫಿಲ್ಟರು ತೆಗೆದು ಓಡಿಸುವ ಹುಡುಗರನ್ನು ಗದರಿಸಲು ಕಾರಣವಿತ್ತು.

ಇಷ್ಟರ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಥ್ರಾಟಲ್ಲು ಅರ್ಧ ತೆರೆದಿರುವಾಗ ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್ಲೇ ಹೊರತು ಫಿಲ್ಟರಲ್ಲ. ಪೇಟೆಯಲ್ಲಿ ಓಡಾಡುವವನಿಗೆ ಬೆಲೆಬಾಳುವ ಫಿಲ್ಟರಿನಿಂದ ದೊರೆಯುವ ಶಕ್ತಿ ಗಮನಕ್ಕೆ ಬಾರದಷ್ಟು ಸ್ವಲ್ಪ. ಕಾನೂನಿನ ಇಕ್ಕಟ್ಟಿನಲ್ಲಿ ಹುಟ್ಟಿದ ದೊಡ್ಡ ಎಂಜಿನ್ನಿಗೆ, ಪೆಟ್ರೋಲಿನ ಪ್ರಮಾಣವನ್ನೂ ಜೊತೆಯಲ್ಲೇ ತಿದ್ದಿಸುವವನಿಗೆ, ಬದಲಾವಣೆ ಸಾರ್ಥಕ. ಬಯಲುಸೀಮೆಯ ಕೆಮ್ಮಣ್ಣಿನ ದಾರಿಯಲ್ಲಿ ಚಿಕ್ಕ ಎಂಜಿನ್ನನ್ನು ಓಡಿಸುವವನಿಗೆ ಕಾರ್ಖಾನೆಯ ಫಿಲ್ಟರನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು ಲೇಸು.

ಹೊಸದನ್ನು ಹಾಕಿಸಿಯೇ ತೀರುವೆನೆನ್ನುವವರು ಒಂದು ಪರೀಕ್ಷೆಯನ್ನು ಬಿಡಬಾರದು. ಕೆಲವು ನೂರು ಕಿಲೋಮೀಟರು ಓಡಿಸಿದ ಅನಂತರ ಎಂಜಿನ್ನು ಆರಿಸಿ, ಫಿಲ್ಟರನ್ನು ಕಳಚಿ, ಅದಕ್ಕೂ ಕಾರ್ಬುರೇಟರಿಗೂ ನಡುವಣ ರಬ್ಬರ್ ಕೊಳವೆಯ ಒಳಮೈಯನ್ನು ಶುಭ್ರವಾದ ಬಿಳಿಯ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಧೂಳು ಫಿಲ್ಟರಿನ ಪದರದ ಮೂಲಕವೋ, ಸರಿಯಾಗಿ ಕೂರದ ಅಂಚಿನ ಪಕ್ಕದಿಂದಲೋ ನುಸುಳುತ್ತಿದೆಯೆಂದು ತಿಳಿಯಬೇಕು. ಬಹಳ ಸಲ ತಪ್ಪಿರುವುದು ಅಂಚಿನಲ್ಲಿ. ಅಲ್ಲಿ ತೆಳುವಾಗಿ ಗ್ರೀಸು ಸವರಿ ಕ್ಲಿಪ್ಪನ್ನು ಬಿಗಿದು ಮತ್ತೆ ಪರೀಕ್ಷಿಸಬೇಕು. ಆಗಲೂ ಬಟ್ಟೆ ಕೆಂಪಾದರೆ ಹಳೆಯ ಪೆಟ್ಟಿಗೆಯನ್ನೇ ಅದರ ಸ್ಥಾನದಲ್ಲಿ ಕೂರಿಸತಕ್ಕದ್ದು.