ಟ್ರಂಕಿನ ತಳದ ತೋಟಾ

ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ಖಾಲಿ ತೋಟಾ ಈಗಲೂ ನನ್ನ ಮೇಜಿನ ಮೇಲಿದೆ. ಕಿರುಬೆರಳುದ್ದದ ಹಿತ್ತಾಳೆ ಕೊಳವೆ, ಕತ್ತಿನ ಬಳಿ ಸಣ್ಣಗಾಗಿದೆ, ಬಾಯಂಚಿಗೆ ಮಸಿ. ಬುಡದಲ್ಲಿ ‘275 ರಿಗ್ಬಿ’ ಎಂದು ಒತ್ತಿದ್ದಾರೆ. ಮಡಿಕೇರಿ ಕಡೆಯ ಕಾಫಿ ಎಸ್ಟೇಟಿನ ದೊರೆಯೊಬ್ಬರ ಜೊತೆ ಅಜ್ಜ ಕಾಡು ತಿರುಗಿದವರು. ಗುಡ್ಡ ಹತ್ತಿದವನಿಗೇ ಕೋವಿಯ ಭಾರ ಗೊತ್ತು ಮಗಾ, ಎನ್ನುತ್ತಿದ್ದರು.

ಈ ತೋಟಾದ ಮೂಲ ಜರ್ಮನಿ. 1892ರಲ್ಲಿ ಪಾಲ್ ಮೌಸರ್ ಸೈನ್ಯಕ್ಕೆಂದು ರೂಪಿಸಿದ 7 ಮಿ.ಮೀ. ತೋಟಾವನ್ನೇ ಲಂಡನ್ನಿನ ಜಾನ್ ರಿಗ್ಬಿ ಕಂಪನಿ 275 ಎಂಬ ಹೆಸರಿನಲ್ಲಿ ಬೇಟೆಗಾರರಿಗೆ ಕೊಟ್ಟಿತು. ಗುಂಡು 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಹೆಗಲಿಗೆ ಒದೆತ ಕಡಿಮೆ, ಹಾಗಾಗಿ ಕೋವಿಯನ್ನೂ ಹಗುರಾಗಿ ಕಟ್ಟಬಹುದಿತ್ತು. ಮೊದಲು ತೋಟಾ ಗೊತ್ತಾಗಬೇಕು, ಕೋವಿಯ ಮೈಕಟ್ಟು ಆಮೇಲೆ. ಹಗುರ ಕೋವಿಗೆ ದೊಡ್ಡ ತೋಟಾ ತುಂಬಿದರೆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತದೆ, ಗಾಯಗೊಂಡ ಪ್ರಾಣಿ ಪೊದೆಯೊಳಗೆ ನರಳುತ್ತದೆ.

ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದದ್ದೂ 275 ರಿಗ್ಬಿಯೇ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನೆಚ್ಚಿದ್ದು ವಿಂಚೆಸ್ಟರ್ 405 ಕೋವಿ. ಅದರ ಗುಂಡು 300 ಗ್ರೇನ್, ರಿಗ್ಬಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹತ್ತು ಮಾರು ದೂರದಿಂದ ಮೈಮೇಲೆ ಎರಗುವ ಮೃಗಕ್ಕೆ ಅದು ಸರಿಯೇ. ನನ್ನ ಮನಸ್ಸು ಮಾತ್ರ ಕಾರ್ಬೆಟ್ ಕೋವಿಯ ಕಡೆಗೇ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜ ಬೇಟೆಗೆ ಹೋಗಲಿಲ್ಲ. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳ ನಳಿಗೆಗೆ ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸುವಾಗ ಈ ಖಾಲಿ ತೋಟಾವನ್ನೂ ಒರೆಸಿ ಪಕ್ಕದಲ್ಲಿಟ್ಟು, ಅದರ ಬಾಯಿಗೂ ಒಂದು ಹೂ ಇಡುತ್ತಿದ್ದರು.