ಚರ್ಚಿನ ಭಾಷೆ, ಮನೆಯ ಭಾಷೆ

ಅಮೆರಿಕದ ಹಲವು ಕನ್ನಡ ಕೂಟಗಳಂತೆ ನಾವೂ ಯುಗಾದಿ, ರಾಜ್ಯೋತ್ಸವಗಳಿಗೆ ಚರ್ಚಿನ ಹಾಲನ್ನು ಬಾಡಿಗೆಗೆ ಹಿಡಿಯುವವರು. ಹಳೆಯ ಲೂಥರನ್ ಚರ್ಚುಗಳ ಅಡಿಗಲ್ಲಿನ ಮೇಲೆ ಜರ್ಮನ್ ಬರಹವನ್ನು ನೀವೂ ನೋಡಿರಬಹುದು. ಒಳಗೆ ಜರ್ಮನ್ ಆಡುವವರು ಸಿಗುವುದು ಅಪರೂಪ. ಇದು ಹೇಗಾಯಿತೆಂಬುದು ನಮ್ಮಂಥ ವಲಸಿಗರು ತಿಳಿಯಬೇಕಾದ ಚರಿತ್ರೆ.

ಜರ್ಮನ್ ವಲಸಿಗರು 1847ರಲ್ಲಿ ಕಟ್ಟಿದ ಮಿಸ್ಸೂರಿ ಸಿನಡ್ ಎಂಬ ಲೂಥರನ್ ಚರ್ಚುಗಳ ಒಕ್ಕೂಟದ ಹೆಸರಿನಲ್ಲೇ 'ಜರ್ಮನ್' ಎಂಬ ಪದವಿತ್ತು. ಪ್ರವಚನ, ಹಾಡು, ಶಾಲೆ ಎಲ್ಲವೂ ಅದೇ ಭಾಷೆಯಲ್ಲಿ. ಭಾಷೆ ಹೋದರೆ ಶ್ರದ್ಧೆಯೂ ಹೋದೀತೆಂಬ ಭಯ ಹಿರಿಯರಿಗೆ. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. ಅದೇ ವರ್ಷ ಆ ಪದವನ್ನು ಕೈಬಿಟ್ಟರು. 1918ರ ಮೇ ತಿಂಗಳಲ್ಲಿ ಅಯೋವಾದ ಗವರ್ನರ್ ಹಾರ್ಡಿಂಗ್ ಶಾಲೆ, ರೈಲು, ಟೆಲಿಫೋನ್, ಕೊನೆಗೆ ಸಾರ್ವಜನಿಕ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು ಘೋಷಿಸಿದರು. ಫೋನಿನಲ್ಲಿ ಅಮ್ಮನೊಡನೆ ಕನ್ನಡ ಆಡಕೂಡದೆಂದರೆ ನಮಗೆ ಹೇಗಾದೀತು, ಊಹಿಸಿಕೊಳ್ಳಿ!

ನೆಬ್ರಾಸ್ಕಾ ರಾಜ್ಯ 1919ರಲ್ಲಿ ಎಂಟನೆಯ ತರಗತಿ ಮುಗಿಯುವ ಮುನ್ನ ಪರಭಾಷೆ ಕಲಿಸುವುದೇ ಅಪರಾಧವೆಂದಿತು. ಲೂಥರನ್ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ 1920ರಲ್ಲಿ ಹತ್ತು ವರ್ಷದ ಹುಡುಗನಿಂದ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದಾಗ ಸಿಕ್ಕಿಬಿದ್ದರು. 25 ಡಾಲರ್ ದಂಡ. ಮೇಷ್ಟ್ರು ಬಿಡಲಿಲ್ಲ, 1923ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಇಂದು ಯಾರ ಅಪ್ಪಣೆಯೂ ಇಲ್ಲದೆ ನಾವು ಕನ್ನಡ ತರಗತಿ ನಡೆಸುತ್ತೇವಲ್ಲ, ಅದರ ಹಿಂದೆ ಈ ಮೇಷ್ಟ್ರ ಹಟವೂ ಇದೆ.

ಕೋರ್ಟಿನಲ್ಲಿ ಗೆದ್ದ ಭಾಷೆ ಮನೆಯಲ್ಲಿ ಸೋತಿತು. ಯುದ್ಧವೊಂದನ್ನೇ ದೂರುವುದು ಸರಿಯಲ್ಲವೆಂದು ನಮಗನಿಸುತ್ತದೆ. ಶತ್ರುಭಾಷೆಯೆಂಬ ಕಳಂಕವಿಲ್ಲದ ಸ್ವೀಡಿಷರ ಆಗಸ್ಟಾನಾ ಸಿನಡ್ ಕೂಡ 1920ರ ದಶಕದಲ್ಲಿ ಇಂಗ್ಲಿಷಿಗೆ ಹೊರಳಿತು. 1924ರ ಕಾನೂನು ವಲಸೆಯನ್ನು ಬಿಗಿಮಾಡಿತು. ತಾಯ್ನಾಡಿನಿಂದ ಹೊಸಬರು ಬರುವುದು ಕಡಿಮೆಯಾಯಿತು. ಇಲ್ಲೇ ಹುಟ್ಟಿದ ಮಕ್ಕಳಿಗೆ ಪಾದ್ರಿಗಳ ಮಾತು ಅರ್ಥವಾಗದು. ಹಿರಿಯರು ಭಾಷೆ ಬಿಟ್ಟು ಮಕ್ಕಳನ್ನು ಉಳಿಸಿಕೊಂಡರು. ನಮ್ಮ ವೈದ್ಯರ ಮಾತಿನಲ್ಲಿ, ಜೀವ ಉಳಿಸಲು ಕಾಲು ತೆಗೆದಂತೆ.

ಇಂಗ್ಲಿಷಿಗೆ ಬಂದುದರಿಂದ ಚರ್ಚಿನ ಚಿಂತೆ ತೀರಿತೆಂದಲ್ಲ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 1999ರಲ್ಲಿ ಅಮೆರಿಕನ್ನರಲ್ಲಿ ಶೇ. 70 ಮಂದಿ ಯಾವುದಾದರೊಂದು ಪ್ರಾರ್ಥನಾ ಮಂದಿರದ ಸದಸ್ಯರು, 2020ರಲ್ಲಿ ಶೇ. 47. ಎಷ್ಟೋ ಹಳೆಯ ಚರ್ಚುಗಳಲ್ಲಿ ಈಗ ಸ್ಪ್ಯಾನಿಷ್, ಕೊರಿಯನ್ ಪ್ರಾರ್ಥನೆಗಳೂ ನಡೆಯುತ್ತವೆ. ಆ ಹಿರಿಯರಿಗೂ ಅದೇ ಹಳೆಯ ತಲೆನೋವು, ಮಕ್ಕಳಿಗೆ ಯಾವ ಭಾಷೆ?

ಆದರೂ ಚರ್ಚಿಗೆ ಭಾಷೆ ಹೋದರೂ ಬೈಬಲ್ ಉಳಿಯಿತು. ನಮ್ಮ ಕೂಟಕ್ಕೆ ಕನ್ನಡ ಹೋದರೆ ಉಳಿಯುವುದು ಬಿಸಿಬೇಳೆಭಾತ್ ಮಾತ್ರ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕಾರ್ಯಕ್ರಮಗಳ ನಿರೂಪಣೆ ಇಂಗ್ಲಿಷಿನಲ್ಲಿರಲಿ ಎಂಬ ಸಲಹೆ ಬರಲಿದೆ. ನಾವು ಒಪ್ಪುವುದಿಲ್ಲ. ಮಕ್ಕಳೇ ಕನ್ನಡದಲ್ಲಿ ನಿರೂಪಿಸಲಿ; ಬೇಕಾದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದಲಿ.